ಎಡಕ್ಕೆ ತಿರುಗಿಸಿದ ಕೊಳವೆ

ಆ ಕಾರನ್ನು ಮೊದಲ ದಿನವೇ ಅಂಗಡಿ ಮುಂದಿನಿಂದ ತಳ್ಳಿಸಿಬಿಡಬೇಕಿತ್ತು. ಹಾಗೆ ಮಾಡದ್ದಕ್ಕೆ ನನ್ನ ಸಿಟ್ಟೇ ಕಾರಣ. ಸಿಟ್ಟಿನ ಮನುಷ್ಯ ಗಿರಾಕಿಯನ್ನು ಓಡಿಸುತ್ತಾನೆ ಅಂತ ಎಲ್ಲರೂ ತಿಳಿದಿರುತ್ತಾರೆ. ನನ್ನದು ಉಲ್ಟಾ. ನಿನ್ನ ಕೈಲಿ ಇದು ಆಗುವುದಿಲ್ಲ ಅಂತ ಯಾರಾದರೂ ಅಂದರೆ ಸಾಕು, ಉಂಡ ಅನ್ನ ಮೈಗೆ ಹತ್ತುವುದಿಲ್ಲ, ಅದನ್ನೇ ಮಾಡಲು ಕೂಡುತ್ತೇನೆ.

ಹುಮನಾಬಾದಿನಲ್ಲಿ ಹೈವೇ ಮಗ್ಗುಲಿಗೆ ನನ್ನದೊಂದು ಗ್ಯಾಸ್ ವೆಲ್ಡಿಂಗ್ ಅಂಗಡಿ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಲಾರಿ, ಟೆಂಪೋಗಳ ಸೈಲೆನ್ಸರಿಗೆ ತೇಪೆ ಹಾಕುವುದು ನಿತ್ಯದ ಕೆಲಸ. ಒಂದು ಮಧ್ಯಾಹ್ನ ಬಸವಕಲ್ಯಾಣದ ಸಾವಕಾರನೊಬ್ಬ ಹಳೆಯ ಪೆಟ್ರೋಲ್ ಕಾರು ತಂದು ನಿಲ್ಲಿಸಿದ. ಹೊಲವೂ ಇದ್ದವನು, ತೊಗರಿ ವ್ಯಾಪಾರವೂ ಇದ್ದವನು. ಡಿಕ್ಕಿಯಲ್ಲಿ ಗೋಣಿಚೀಲದಲ್ಲಿ ಸುತ್ತಿದ ಒಂದು ಸೈಲೆನ್ಸರ್ ಇತ್ತು. ಹೈದರಾಬಾದಿನ ಗುಜರಿಯಿಂದ ತಂದದ್ದಂತೆ. ಯಾವುದೋ ಪರದೇಶದ ದೊಡ್ಡ ಕಾರಿನದು, ಉಕ್ಕು ಇನ್ನೂ ಫಳಫಳ ಅನ್ನುತ್ತಿತ್ತು.

"ಇದನ್ನ ನನ್ನ ಗಾಡಿಗಿ ಹಚ್ಚಬೇಕು" ಅಂದ. ಸೀಟಿನಿಂದ ಇಳಿಯಲೂ ಇಲ್ಲ.

"ಇದು ದೊಡ್ಡ ಗಾಡೀದು ಅದ್ರಿ. ಕೊಳವಿ ದಪ್ಪಾನೂ ಕೂಡಂಗಿಲ್ಲ, ಉದ್ದಾನೂ ಕೂಡಂಗಿಲ್ಲ."

"ಕೂಡಂಗಿದ್ರ ನಿನ್ನ ಹಂತ್ಯಾಕ ಯಾಕ ಬರ್ತಿದ್ದೆ? ಆ ಎದುರಿನವನೂ ಹಿಂಗೇ ಅಂದ. ಅವಗೂ ಆಗಂಗಿಲ್ಲ, ನಿನಗೂ ಆಗಂಗಿಲ್ಲ. ಮತ್ತ ಈ ಬೋರ್ಡ್ ಯಾಕ ಬರಸೀರಿ?"

ಎದುರಿನವ ಅಂದರೆ ರಸ್ತೆಯ ಆಚೆ ಬದಿಯ ಮಿಸ್ತ್ರಿ. ನನ್ನ ಹತ್ತಿರವೇ ಕೆಲಸ ಕಲಿತು ನನ್ನ ಎದುರಿಗೇ ಅಂಗಡಿ ಇಟ್ಟವನು. ನಮ್ಮಿಬ್ಬರ ನಡುವೆ ಮಾತು ನಿಂತು ಮೂರು ವರ್ಷವಾಗಿತ್ತು. ಅವನು ಬಿಟ್ಟ ಕೆಲಸ ಅಂತ ಕೇಳಿದ ಮೇಲೆ ನನಗೆ ಕಾರು ಯಾರದು, ಯಾಕೆ ಅನ್ನುವುದೆಲ್ಲ ಮರೆತುಹೋಯಿತು. ಶೆಡ್ಡಿನೊಳಗೆ ತಗೊಂಡು ಬರ್ರಿ ಅಂದೆ.

ಸಾವಕಾರ ತನಗೆ ಬೇಕಾದದ್ದನ್ನು ಬೆರಳು ತೋರಿಸಿ ಹೇಳಿದ. "ಆವಾಜ್ ಇಡೀ ಗಲ್ಲಿಗಿ ಗೊತ್ತಾಗಬೇಕು. ಬಾಯಿ ಎಡಕ್ಕ ಬರಬೇಕು. ಬಂಪರ್ ಹೊರಗ ಒಂದ್ ಗೇಣು. ಜರಾ ಮ್ಯಾಲಕ್ಕ, ಜರಾ ಮಗ್ಗಲಿಗಿ ತಿರುಗಿರಬೇಕು."

"ಎಡಕ್ಕ ಪೆಟ್ರೋಲ್ ಟಾಕಿ ಅದ್ರಿ. ಬಲಕ್ಕ ಆದ್ರ ಸಲೀಸ್ ಆಗ್ತದ."

"ನನಗ ಎಡಕ್ಕೇ ಬೇಕು. ನಿನಗ ಬಲಕ್ಕ ಬೇಕಿದ್ರ ನಿನ್ನ ಕಾರಿಗಿ ಹಚ್ಕೋ."

ನನ್ನ ಹತ್ತಿರ ಸೈಕಲ್ ಬಿಟ್ಟರೆ ಬೇರೇನೂ ಇಲ್ಲ ಅನ್ನುವುದು ಅವನ ಕಣ್ಣಿಗೆ ಕಾಣುತ್ತಿತ್ತು. ಗೋಡೆಗೆ ಒರಗಿಸಿದ್ದ ಆ ಸೈಕಲ್ಲನ್ನು ನೋಡಿಕೊಂಡೇ ಅಂದ.

ನಾಲ್ಕು ದಿನ ಹಿಡಿಯಿತು. ಮೊದಲ ದಿನ ಹಳೆಯದನ್ನು ಬಿಚ್ಚುವುದರಲ್ಲೇ ಹೋಯಿತು. ಎಂಜಿನ್ನಿನ ಬುಡಕ್ಕೆ ಕೊಳವೆ ಕೂಡುವಲ್ಲಿ ಮೂರು ಸ್ಟಡ್ ಬೋಲ್ಟ್ ಇದ್ದವು, ಮೂರೂ ತುಕ್ಕು ಹಿಡಿದು ಕಬ್ಬಿಣದ ಜೊತೆ ಒಂದಾಗಿದ್ದವು. ಸೀಮೆ‌ಎಣ್ಣೆ ಬಿಟ್ಟೆ, ಕಾಯಿಸಿದೆ, ತಟ್ಟಿದೆ, ಮತ್ತೆ ಕಾಯಿಸಿದೆ. ಎರಡು ಬಂದವು. ಮೂರನೆಯದು ಪಟ್ಟನೆ ಬುಡಕ್ಕೇ ಮುರಿಯಿತು. ಸಾವಕಾರ ಕುರ್ಚಿ ಹಾಕಿಸಿಕೊಂಡು ಪಕ್ಕದಲ್ಲೇ ಕೂತಿದ್ದ. "ಮುರಿಯೂದು ಛಲೋ ಬರ್ತದ ನಿನಗ" ಅಂದ. ಮುರಿದ ತುಂಡಿನ ನಟ್ಟನಡುವೆ ಡ್ರಿಲ್ ಹಾಕಿ ತೂತು ಕೊರೆದು, ಹೊಸ ಹಲ್ಲು ಹಾಕಿ, ಹೊಸ ಸ್ಟಡ್ ಕೂರಿಸುವಷ್ಟರಲ್ಲಿ ಸಂಜೆಯಾಯಿತು.

ಎರಡನೆಯ ದಿನ ಕೊಳವೆ ಬಗ್ಗಿಸುವ ಕೆಲಸ. ಬಗ್ಗಿಸುವ ಮಷೀನು ನಮ್ಮ ಕಡೆ ಆಗ ಯಾರ ಹತ್ತಿರವೂ ಇರಲಿಲ್ಲ. ನಮ್ಮ ಪದ್ಧತಿ ಉಸುಕಿನದು. ಹಳ್ಳದ ಉಸುಕನ್ನು ಜರಡಿ ಹಿಡಿದು, ಹಂಚಿನ ಮೇಲೆ ಶೇಂಗಾ ಹುರಿದ ಹಾಗೆ ಹುರಿದು ಪೂರ್ತಿ ಒಣಗಿಸಬೇಕು. ಅದನ್ನು ಕೊಳವೆಯೊಳಗೆ ತಟ್ಟಿ ತಟ್ಟಿ ತುಂಬಿ, ಎರಡೂ ಬಾಯಿಗೆ ಕಟ್ಟಿಗೆಯ ಬೆಣೆ ಹೊಡೆಯಬೇಕು. ಆಮೇಲೆ ಗ್ಯಾಸಿನಿಂದ ಕೆಂಪಗೆ ಕಾಯಿಸಿ, ಲಾರಿಯ ಗಾಲಿಡ್ರಮ್ಮಿಗೆ ಆನಿಸಿ ಎಳೆದರೆ ಕೊಳವೆ ಚಪ್ಪಟೆಯಾಗದೆ ದುಂಡಗೆ ಬಗ್ಗುತ್ತದೆ. ಉಸುಕಿನಲ್ಲಿ ತೇವ ಉಳಿದರೆ ಮಾತ್ರ ಕೆಟ್ಟಿತು, ಉಗಿ ಕಟ್ಟಿ ಬೆಣೆ ಹಾರುತ್ತದೆ. ಇಪ್ಪತ್ತು ವರ್ಷದಿಂದ ಇದನ್ನು ಬಲ್ಲೆ. ಆದರೆ ಆವತ್ತು ಸಾವಕಾರ "ಉಪ್ಪಿಟ್ಟು ಮಾಡಾಕತ್ತೀಯೇನು" ಅಂತ ಹಂಗಿಸಿದ ಸಿಟ್ಟಿಗೆ ಅರ್ಧ ಹುರಿದ ಉಸುಕನ್ನೇ ತುಂಬಿಬಿಟ್ಟೆ. ಬೆಣೆ ಬಂದೂಕಿನ ಗುಂಡಿನ ಹಾಗೆ ಹಾರಿ ತಗಡಿನ ಗೋಡೆಗೆ ತೂತು ಮಾಡಿಕೊಂಡು ಆಚೆ ಹೋಯಿತು. ಎದುರಿನವ ಬಾಗಿಲಿಗೆ ಬಂದು ನಿಂತು ನಕ್ಕ. ಆ ನಗು ನೋಡಿದ ಮೇಲೆ ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಹೊಸ ಕೊಳವೆ ತಂದು, ಹೊಸ ಉಸುಕು ಹುರಿದು, ಎರಡೂ ತಿರುವುಗಳನ್ನು ಒಂದೇ ಕಾವಿಗೆ ಬಗ್ಗಿಸಿದೆ.

ಮೂರನೆಯ ದಿನ ಜೋಡಣೆ. ಸಣ್ಣ ಕೊಳವೆಗೂ ದೊಡ್ಡ ಕೊಳವೆಗೂ ನಡುವೆ ತಗಡಿನ ಆಲಿಕೆ ಮಾಡಿ ಬೆಸೆದೆ. ಸೈಲೆನ್ಸರ್ ಡಬ್ಬಿ ಸೀಳಿ ಒಳಗಿನ ಎರಡು ಅಡ್ಡ ತಗಡು ತೆಗೆದು, ತೂತಿನ ಕೊಳವೆಗೆ ಗಾಜಿನ ಹತ್ತಿ ಸುತ್ತಿ ಮತ್ತೆ ಮುಚ್ಚಿದೆ. ಹಿಂದಿನ ಆಕ್ಸಲ್ ಮೇಲಿಂದ ಕೊಳವೆ ಹಾಯಿಸುವುದು ಬಲು ಕಿರಿಕಿರಿ. ಗಾಡಿ ತಗ್ಗಿನಲ್ಲಿ ಕುಪ್ಪಳಿಸಿದರೆ ತಾಗಬಾರದು, ಟಾಕಿಗೆ ಬಿಸಿ ಹೊಡೆಯಬಾರದು. ಟಾಕಿಗೂ ಕೊಳವೆಗೂ ನಡುವೆ ಎರಡು ಪದರ ತಗಡು ಕಟ್ಟಿದೆ. ಕೊಳವೆ ತೂಗುಹಾಕುವ ಜೋಲಿಗೆ ಲಾರಿ ಟಾಯರು ಕೊಯ್ದು ರಬ್ಬರ್ ಪಟ್ಟಿ ಮಾಡಿದೆ. ಆ ಟಾಕಿಯ ವಿಷಯಕ್ಕೆ ಸಾವಕಾರನ ಜೊತೆ ಮೂರು ದಿನವೂ ಜಗಳಾಡಿದ್ದೇನೆ. ಬೆಂಕಿ ಹತ್ತಿದರೆ ನಾನು ಹೊಣೆ ಅಲ್ಲ ಅಂತ ಗಂಟಲು ಹರಿಯುವಂತೆ ಕೂಗಿದ್ದೇನೆ.

ನಾಲ್ಕನೆಯ ದಿನ ಕೊಳವೆಯ ಬಾಯಿಗೆ ಒದ್ದೆ ಗೋಣಿ ಒತ್ತಿ ಎಂಜಿನ್ ಚಾಲೂ ಮಾಡಿಸಿ ಬೆಸುಗೆಗಳಿಗೆಲ್ಲ ಸಾಬೂನಿನ ನೀರು ಹಚ್ಚಿದೆ. ಒಂದೇ ಕಡೆ ಗುಳ್ಳೆ ಬಂತು, ಅದನ್ನೂ ಮುಚ್ಚಿದೆ. ಸಾವಕಾರ ಎಕ್ಸಿಲರೇಟರ್ ಒತ್ತಿದಾಗ ತಗಡಿನ ಗೋಡೆ ನಡುಗಿತು. ಪಾನ್ ಅಂಗಡಿಯವರು ಎದ್ದು ಬಂದರು. ನನ್ನ ಕೆಲಸಕ್ಕೆ ನಾನೇ ಬೆರಗಾದೆ, ಸುಳ್ಳು ಯಾಕೆ ಹೇಳಲಿ. ಸಾವಕಾರ ಮಾತ್ರ ಹಿಂದೆ ಹೋಗಿ ಕೊಳವೆಯ ಬಾಯಿಗೆ ಅಂಗೈ ಹಿಡಿದು, ಹೊಗೆ ಎತ್ತ ಹೋಗುತ್ತದೆ ಅಂತ ನೋಡಿದ. "ಇನ್ನೂ ಎರಡು ಬೆರಳು ಮ್ಯಾಲಕ್ಕ ಬರಲಿ" ಅಂದ. ಕೊಯ್ದು ಮೇಲಕ್ಕೆ ಮಾಡಿಕೊಟ್ಟೆ. ಛಲೋ ಆಗ್ಯಾದ ಅಂತ ಒಂದು ಮಾತೂ ಅವನ ಬಾಯಿಂದ ಬರಲಿಲ್ಲ. ಹೋಗಲಿ, ಎದುರಿನವನ ಮುಖ ಸಪ್ಪಗಾಗಿತ್ತು. ನನಗೆ ಅಷ್ಟು ಸಾಕಾಗಿತ್ತು.

ಇಪ್ಪತ್ತು ದಿನದ ಮೇಲೆ ಪಕ್ಕದ ಕಿರಾಣಿ ಅಂಗಡಿಗೆ ಸಾವಕಾರನ ಫೋನ್ ಬಂತು. ಗಾಡಿ ಕಡಕಡ ಅನ್ನುತ್ತಿದೆ, ಬಂದು ನೋಡು ಅಂದ. ಕರೆಯುವ ರೀತಿಯೂ ಹುಕುಂ. ಚಳಿಗಾಲ. ಹ್ಯಾಕ್ಸಾ ಗರಗಸ, ನಟ್ಟು ಬಿಚ್ಚುವ ಪಾನಾ, ನಾಲ್ಕು ರಬ್ಬರ್ ಪಟ್ಟಿ ಚೀಲಕ್ಕೆ ಹಾಕಿಕೊಂಡು, ದಾರಿಯುದ್ದಕ್ಕೂ ಅವನನ್ನು ಬೈದುಕೊಳ್ಳುತ್ತ ಮೊದಲ ಬಸ್ಸಿಗೆ ಬಸವಕಲ್ಯಾಣಕ್ಕೆ ಹೋದೆ.

ಅವನದು ದೊಡ್ಡ ಹಳೆಯ ವಾಡೆ. ಸಾವಕಾರ ಮತ್ತು ಅವನ ತಮ್ಮ ಪಾಲಾಗಿ, ಅಂಗಳದ ನಡುವೆ ಗೋಡೆ ಎದ್ದಿತ್ತು. ಗೋಡೆಗೆ ಗಿಲಾವು ಕೂಡ ಮಾಡಿರಲಿಲ್ಲ, ಮುಖ ನೋಡದಿದ್ದರೆ ಸಾಕು ಅನ್ನುವ ಅವಸರ. ವಾಡೆಯ ಮಗ್ಗುಲಿಗೆ ಒಂದು ಇಕ್ಕಟ್ಟಾದ ಗಲ್ಲಿ. ವರ್ಷ ವರ್ಷ ಮುರುಮು ಮಣ್ಣು ಹಾಕಿ ಹಾಕಿ ಗಲ್ಲಿ ಎತ್ತರವಾಗಿ, ತಮ್ಮನ ಪಾಲಿನ ಕಿಟಕಿ ಮೊಣಕಾಲಿನ ಮಟ್ಟಕ್ಕೆ ಇಳಿದಿತ್ತು. ಕಾರನ್ನು ಹಿಮ್ಮುಖವಾಗಿ ತಂದು, ಹಿಂಭಾಗದ ಎಡ ಮೂಲೆ ಆ ಕಿಟಕಿಗೆ ಬರುವಂತೆ ನಿಲ್ಲಿಸಿದ್ದರು. ಎಂಜಿನ್ ಚಾಲೂ ಇತ್ತು. ಚೋಕ್ ಎಳೆದೇ ಇತ್ತು, ಹೊಗೆ ದಟ್ಟವಾಗಿ ಬರುತ್ತಿತ್ತು. ಒಳಗೆ ಯಾರೂ ಇಲ್ಲ. ಸಾವಕಾರನ ಮನೆಯೊಳಗಿಂದ ಪೂಜೆಯ ಗಂಟೆ ಕೇಳುತ್ತಿತ್ತು. ದಿನಾ ಹೀಗೇ, ಗಾಡಿ ಬಿಸಿಯಾಗಲಿ ಅಂತ ಚಾಲೂ ಮಾಡಿ ಸ್ನಾನ, ಪೂಜೆ ಮುಗಿಸುತ್ತಾನಂತೆ.

ಎಂಜಿನ್ ಆರಿಸಿ ಕೆಳಗೆ ಮಲಗಿದೆ. ಕಡಕಡಕ್ಕೆ ಕಾರಣ ನನ್ನದೇ ತಪ್ಪು, ಟಾಯರಿನ ನೂಲಿಗೆ ಅಡ್ಡಲಾಗಿ ಕೊಯ್ದ ಪಟ್ಟಿ ಹರಿದಿತ್ತು. ಬೇರೆ ಹಾಕಿ ತಲೆ ಹೊರಗೆ ತೆಗೆದಾಗ ಕಿಟಕಿ ಮುಖದ ಎದುರಿಗೇ ಇತ್ತು. ಒಳಗೆ ಗೋಣಿಯ ಪರದೆ. ಕಿಟಕಿಯ ಮೇಲಿನ ಸುಣ್ಣ ಕೊಳವೆಯ ನೇರಕ್ಕೆ ಕಪ್ಪಾಗಿತ್ತು. ಒಳಗಿಂದ ಲೋಬಾನ ಧೂಪದ ಹಳೆಯ ವಾಸನೆ. ಪರದೆ ಸರಿಸಿ ಒಬ್ಬ ಮುದುಕಿ ಮುಖ ಹಾಕಿದಳು.

"ಇವತ್ತು ಜಲ್ದಿ ಆರಿಸಿದಿ? ದೇವರು ಬುದ್ಧಿ ಕೊಟ್ಟನೇನು?"

"ನಾ ಮಿಸ್ತ್ರಿ ಇದೀನ್ರಿ ಆಯಿ. ಹುಮನಾಬಾದಿಂದ ಬಂದೀನಿ."

"ಹಂಗಿದ್ರ ಇದನ್ನ ಮುರಿದು ಹೋಗು. ಒಳಗ ಬಾಣಂತಿ ಅದಾಳ. ಹದಿನಾಲ್ಕು ದಿನದ ಕೂಸದ. ತಲಿ ಸಿಡಿತದ ಅಂತಾಳ ಆಕಿ, ವಾಂತಿ ಮಾಡ್ತಾಳ."

ಬಾಣಂತಿ ಅಂದರೆ ತಮ್ಮನ ಮಗಳು, ಹೆರಿಗೆಗೆ ತವರಿಗೆ ಬಂದವಳು. ಈ ಮುದುಕಿ ಕೂಸಿಗೆ ಎಣ್ಣೆ ಹಚ್ಚಿ ಎರೆಯಲು ಬಂದು ಅಲ್ಲೇ ಉಳಿದಿದ್ದವಳು.

"ಕೂಸು ಹ್ಯಾಂಗದ?" ಅಂದೆ.

"ಹಾಲು ಹಿಡೀವಲ್ದು. ಮಂಕಾಗಿ ಬೀಳ್ತದ. ದೃಷ್ಟಿ ಆಗ್ಯಾದ ಅಂತ ಮೂರು ಸಲ ನಿವಾಳಿಸಿ ಒಗದೀನಿ. ಲೋಬಾನ ಜಾಸ್ತಿ ಆತೇನೋ ಅಂತ ಅದನ್ನೂ ಕಡಿಮಿ ಮಾಡೀನಿ."

ನಮ್ಮ ಕಡೆ ಬಾಣಂತಿಯ ಖೋಲಿಗೆ ಗಾಳಿ ಆಡಗೊಡುವುದಿಲ್ಲ. ಕೆಂಡದ ಶೇಗಡಿ ಇಡುತ್ತಾರೆ, ಎರೆದ ಮೇಲೆ ಲೋಬಾನ, ಅಜವಾನದ ಹೊಗೆ ಹಾಕುತ್ತಾರೆ. ಹೊಗೆ ಇದ್ದಷ್ಟೂ ಆ ಖೋಲಿ ಒಳ್ಳೆಯದು ಅಂತ ನಂಬಿಕೆ. ಹಾಗಾಗಿ ಅಲ್ಲಿ ಇನ್ನೊಂದು ಹೊಗೆ ಬಂದು ಕೂತರೆ ಯಾರಿಗೂ ಅನುಮಾನ ಬರುವುದಿಲ್ಲ. ನನಗೆ ಮಾತ್ರ ಬಂತು. ಒಂದು ಮಳೆಗಾಲ ಶಟರ್ ಎಳೆದುಕೊಂಡು ಎಂಜಿನ್ ಚಾಲೂ ಇಟ್ಟು ಕೆಲಸ ಮಾಡಿದ್ದೆ. ಕೆಮ್ಮೂ ಇಲ್ಲ, ಕಣ್ಣುರಿಯೂ ಇಲ್ಲ. ತಲೆ ಬಿಗಿದು, ಹೊಟ್ಟೆ ತೊಳಸಿ, ಮೊಣಕಾಲಿನ ಬಲ ಹೋಗಿ, ತೆವಳಿಕೊಂಡು ಹೊರಗೆ ಬಂದು ಬಿದ್ದಿದ್ದೆ. ಅದೆಲ್ಲ ಈಗ ನೆನಪಿಗೆ ಬಂತು.

"ಆಯಿ, ಲೋಬಾನ ಯಾವಾಗ ಹಾಕ್ತೀರಿ?"

"ಸಂಜೀಗಿ. ಎರೆದ ಮ್ಯಾಲ."

"ಕೂಸು ಮಂಕಾಗೂದು ಯಾವಾಗ?"

"ಮುಂಜಾ..." ಅಂದವಳು ಅಲ್ಲಿಗೇ ನಿಂತಳು. ತನ್ನ ಮುಖದ ಮುಂದೆ ಒಂದು ಗೇಣು ಚಾಚಿಕೊಂಡಿದ್ದ ಕೊಳವೆಯ ಬಾಯನ್ನು ನೋಡಿದಳು. ಪರದೆ ಬಿತ್ತು.

ಕಾರಿನ ಚಾವಿ ಕಿತ್ತು ಕಿಸೆಗೆ ಹಾಕಿಕೊಂಡೆ. ಅಷ್ಟರಲ್ಲಿ ಸಾವಕಾರ ಹಣೆಯ ವಿಭೂತಿ ಇನ್ನೂ ಹಸಿ ಇರುವಾಗಲೇ ಹೊರಗೆ ಬಂದ.

"ಗಾಡಿ ಯಾಕ ಬಂದ್ ಮಾಡಿದಿ?"

"ಸಾವಕಾರ್ರಿ, ಆ ಖೋಲ್ಯಾಗ ಕೂಸದ. ಹೊಗಿ ಸೀದಾ ಒಳಗ ಹೊಂಟದ."

"ಹೋಗಲಿ ಅಂತೇ ಮಾಡಿಸೀನಿ."

ಮುಖದಲ್ಲಿ ನಾಚಿಕೆ ಇಲ್ಲ, ಮುಚ್ಚುಮರೆ ಇಲ್ಲ. "ಗಲ್ಲಿ ನಂದದ. ಕೋರ್ಟಿನ್ಯಾಗ ಅದ. ಅವನಿಗಿ ತ್ರಾಸ ಆಗ್ತಿದ್ರ ಕಿಟಕಿ ಮುಚ್ಕೊಳ್ಳಲಿ. ಹೊಗಿಲಿಂದ ಯಾರ್ ಸಾಯ್ತಾರ? ನಮ್ಮವ್ವ ಒಲಿ ಮುಂದ ಕುಂತು ಎಂಬತ್ತು ವರ್ಷ ಬಾಳ್ಯಾಳ."

"ಒಲಿ ಹೊಗಿ ಬ್ಯಾರೆ, ಇದು ಬ್ಯಾರೆ. ಇದು ಕೆಮ್ಮು ಬರಸಂಗಿಲ್ಲ, ಮಲಗಸ್ತದ. ಕೂಸು ಮಲಗಿದ್ದು ಏಳಂಗಿಲ್ಲ."

"ಚಾವಿ ಕೊಡು."

"ಕೊಡಂಗಿಲ್ಲ."

ಅಂಗಿ ಹಿಡಿದ. ಗುಂಡಿ ಕಿತ್ತು ಬಂದವು. ಗದ್ದಲಕ್ಕೆ ತಮ್ಮ ಬಡಿಗೆ ಹಿಡಿದು ಓಡಿ ಬಂದ. ಇವನಾದರೂ ನನ್ನ ಪರ ನಿಲ್ಲುತ್ತಾನೆ ಅಂದುಕೊಂಡೆ. ಅವನು ನನ್ನ ಚೀಲ ನೋಡಿದ, ಕೈಯ ಮಸಿ ನೋಡಿದ. "ಈ ಕೊಳವಿ ಮಾಡಿದಾಂವ ನೀನೇ ಏನು?" ಅಂದವನೇ ಭುಜದ ಮೇಲೆ ಒಂದು ಏಟು ಹಾಕಿದ.

"ಹೊಡೀರಿ, ಇನ್ನೂ ಹೊಡೀರಿ! ಮೊದಲ ತಾಯೀನ, ಕೂಸಿನ್ನ ಹೊರಗ ತರ್ರಿ!" ಅಂತ ಕೂಗಿದೆ.

"ಹಸಿ ಬಾಣಂತೀನ ಗಾಳ್ಯಾಗ ತರಬೇಕಂತ! ಖೋಲಿ ಖಾಲಿ ಮಾಡಸ್ಲಿಕ್ಕಿ ಅಣ್ಣ ಕಳಿಸ್ಯಾನೇನು ನಿನ್ನ?"

"ನಿನ್ನ ಖೋಲಿ ಯಾರಿಗಿ ಬೇಕಾಗ್ಯಾದೋ?" ಅಂತ ಅಣ್ಣ. ಅಲ್ಲಿಗೆ ಇಬ್ಬರೂ ನನ್ನನ್ನು ಬಿಟ್ಟು ಒಬ್ಬರಿಗೊಬ್ಬರು ಹತ್ತಿಕೊಂಡರು. ತಾತನ ಕಾಲದ ಬಾವಿ, ಮಾರಿದ ಎತ್ತು, ಎಲ್ಲ ಹೊರಗೆ ಬಂದವು. ನಾನು ನಡುವೆ ನಿಂತು ಕಾರ್ಬನ್ನು, ಗ್ಯಾಸು ಅಂತ ಒದರುತ್ತಿದ್ದೆ. ಯಾರ ಕಿವಿಗೂ ಬೀಳಲಿಲ್ಲ.

ಮುದುಕಿ ಯಾರನ್ನೂ ಕೇಳಲಿಲ್ಲ. ಕೂಸನ್ನು ದುಪಟಿಯಲ್ಲಿ ಸುತ್ತಿಕೊಂಡು ಬಾಗಿಲಿಗೆ ಬಂದಳು. "ಸರೀರಿ ಇಬ್ರೂ. ನಿಮ್ಮ ಪಾಲಿನ್ಯಾಗ ಬೆಂಕಿ ಬೀಳಲಿ" ಅಂದಳು. ಗಲ್ಲಿ ದಾಟಿ ಬಿಸಿಲು ಬಿದ್ದ ಕಟ್ಟೆಗೆ ಕೂತು, ಹದಿನಾಲ್ಕು ದಿನದ ಕೂಸಿನ ಮುಖದ ಅರಿವೆ ತೆಗೆದು ಬಯಲು ಗಾಳಿಗೆ ಹಿಡಿದಳು. ಕುತ್ತಿಗೆ ಜೋತು ಬಿದ್ದಿತ್ತು. ಅಂಗಾಲಿಗೆ ಚಿವುಟಿದಳು. ಕೂಸು ಅಳಲಿಲ್ಲ. ಇನ್ನೊಮ್ಮೆ ಚಿವುಟಿದಳು, ಉಗುರು ಹತ್ತುವಂತೆ. ಬಹಳ ಹೊತ್ತಿನ ಮೇಲೆ ಒಂದು ಸಣ್ಣ ಕೀರಲು ದನಿ ಬಂತು. ಹಿಂದೆಯೇ ಬಾಣಂತಿ ತಲೆಗೆ ಅರಿವೆ ಕಟ್ಟಿಕೊಂಡು ಗೋಡೆ ಹಿಡಿದು ಬಂದಳು. ನಾನು ರಸ್ತೆಗೆ ಓಡಿ ಆಟೋ ಹಿಡಿದು ತಂದೆ. ಮೂವರೂ ಸರಕಾರಿ ದವಾಖಾನೆಗೆ ಹೋದರು.

ನಾನು ಮತ್ತೆ ಕಾರಿನ ಕೆಳಗೆ ಹೋದೆ. ಕೊಳವೆ ಇನ್ನೂ ಬಿಸಿ ಇತ್ತು. ಕೈಗೆ ಗೋಣಿ ಸುತ್ತಿಕೊಂಡು, ಆಕ್ಸಲ್ ದಾಟಿದ ಕೂಡಲೇ ಬರುವ ತಿರುವಿಗೆ ಹ್ಯಾಕ್ಸಾ ಹಚ್ಚಿದೆ. ನಾನೇ ಕೆಂಪಗೆ ಕಾಯಿಸಿ ಬಗ್ಗಿಸಿದ್ದು, ನಾನೇ ನೂಲು ಹಿಡಿದ ಹಾಗೆ ಬೆಸೆದದ್ದು. ಎರಡು ಬ್ಲೇಡ್ ಮುರಿದವು. ಸಾವಕಾರ ನನ್ನ ಕಾಲು ಹಿಡಿದು ಎಳೆದ, ಅವನನ್ನು ಒದ್ದೆ. ಮೂರನೆಯ ಬ್ಲೇಡಿಗೆ ತುಂಡು ಕಳಚಿ ಕೆಳಗೆ ಬಿತ್ತು.

ಅದನ್ನು ನಾನು ಎತ್ತಿಕೊಳ್ಳುವ ಮೊದಲೇ ತಮ್ಮ ಹಿಡಿದ. "ಇದು ಕೋರ್ಟಿಗಿ ಬೇಕು. ಸಾಕ್ಷಿ. ನೀನೂ ಬಂದು ಹೇಳಬೇಕು" ಅಂದ. ಅಣ್ಣ ಇನ್ನೊಂದು ತುದಿ ಹಿಡಿದ. "ನನ್ನ ಮಾಲು ಅದು. ಬಿಡಲೇ!" ಅಂಗೈ ಸುಡುತ್ತಿದ್ದರೂ ಇಬ್ಬರೂ ಬಿಡಲಿಲ್ಲ. ಗಲ್ಲಿಯ ಈ ಗೋಡೆಗೆ ಒಮ್ಮೆ, ಆ ಗೋಡೆಗೆ ಒಮ್ಮೆ ತಾಗುತ್ತ ಜಗ್ಗಾಡಿದರು. "ಕೂಸು ದವಾಖಾನ್ಯಾಗ ಅದ್ರೀ" ಅಂದೆ. ತಮ್ಮ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅದು ಅವನ ಮೊಮ್ಮಗು.

ಅವರನ್ನು ಅಲ್ಲೇ ಬಿಟ್ಟು, ಕಾರಿನ ಗೇರ್ ತೆಗೆದು ಒಬ್ಬನೇ ದೂಡಿಕೊಂಡು ದೊಡ್ಡ ರಸ್ತೆಗೆ ತಂದು ನಿಲ್ಲಿಸಿದೆ. ಚಾವಿ ಸೀಟಿನ ಮೇಲೆ ಒಗೆದೆ. ಇಬ್ಬರ ಮೇಲೂ ಎಷ್ಟು ಅಸಹ್ಯ ಹುಟ್ಟಿತ್ತೆಂದರೆ, ದವಾಖಾನೆಯ ದಾರಿಯುದ್ದಕ್ಕೂ ಬಾಯಲ್ಲಿ ಬರಬಾರದ ಮಾತುಗಳೇ ಬಂದವು. ಆಮೇಲೆ ಒಂದು ಬಗೆಯ ಹೆಮ್ಮೆಯೂ ಆಯಿತು. ಆ ಊರಿನಲ್ಲಿ ಆವತ್ತು ನಾನೊಬ್ಬನೇ ಮನುಷ್ಯ ಅನ್ನಿಸಿತು.

ಡಾಕ್ಟರು ಗಾಡಿಯ ಗ್ಯಾಸ್ ಕುಡಿದಿದ್ದಾರೆ ಅಂತ ಹೇಳಿ ತಾಯಿಗೂ ಕೂಸಿಗೂ ಆಕ್ಸಿಜನ್ ಹಚ್ಚಿದ್ದರು. ನಾನು ಹೊರಗೆ ವರಾಂಡದಲ್ಲಿ ಕೂತೆ. ಮಧ್ಯಾಹ್ನದ ಹೊತ್ತಿಗೆ ಮುದುಕಿ ಬಂದು, "ಹಾಲು ಹಿಡೀತು ನೋಡು" ಅಂದಳು. ಅಳು ಬಂತು ನನಗೆ. ಅಂಗಿಯ ತೋಳಿಗೆ ಒರೆಸಿಕೊಂಡೆ. "ಬಾ, ಆಕಿ ಕರಿಯಾಕತ್ತಾಳ" ಅಂತ ಒಳಗೆ ಕರೆದುಕೊಂಡು ಹೋದಳು.

ಚಿಕ್ಕ ವಯಸ್ಸಿನ ಹುಡುಗಿ. ಮುಖ ಬಿಳಿಚಿಕೊಂಡಿತ್ತು. ಕೂಸು ತೊಡೆಯ ಮೇಲಿತ್ತು.

"ನೀವೇ ಏನ್ರಿ ಮಿಸ್ತ್ರಿ?"

"ಹೌದವ್ವ."

"ಕೂಸಿನ್ನ ಉಳಿಸಿದ್ರಿ ಅಂತ ಆಯಿ ಹೇಳಿದಳು."

ನಾನು ಏನೋ ಒಂದು ಅಂದೆ, ದೇವರು ದೊಡ್ಡವನು ಅಂತಲೋ ಏನೋ.

"ಆ ಕೊಳವಿ ಮಾಡಿದವರೂ ನೀವೇ ಅಂತ. ಅಷ್ಟ್ ಹೊರಗ, ಎಡಕ್ಕೇ ಯಾಕ ಬೇಕು ಅಂತ ನಮ್ಮ ದೊಡ್ಡಪ್ಪಗ ಕೇಳಿದ್ರೇನು?"

"ಟಾಕಿ ಅಡ್ಡ ಬರ್ತದ ಅಂತ ಬಾಳ ಹೇಳಿದೆವ್ವ. ಮೂರು ದಿನ ಜಗಳ ಮಾಡೀನಿ."

"ಅದಲ್ರಿ. ಯಾಕ ಅಂತ ಕೇಳಿದ್ರೇನು?"

ಪಕ್ಕದ ಮಂಚದವರು, ಮುದುಕಿ, ನರ್ಸು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಇಲ್ಲವ್ವ" ಅಂದೆ. "ಕೇಳಲಿಲ್ಲ."

ಅವಳು ಬೈಯಲಿಲ್ಲ. ಕೂಸನ್ನು ಎತ್ತಿಕೊಂಡು, ನನ್ನ ಕಡೆಗಿದ್ದ ಅದರ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿ ಮಲಗಿಸಿಕೊಂಡಳು.